ಮದ್ರಾಸಿನಲ್ಲಿ ಸಿಕ್ಕ ಸಿಲ್ವಿಯಾ: ಎರಡು ಚಂದ್ರರಿರುವ ಕ್ಷುದ್ರಗ್ರಹದ ಬಗ್ಗೆ ಮಾತಾಡೋಣ

ಇರುಳ ಆಕಾಶ

ಎಲ್ಲರಿಗೂ ನಮಸ್ಕಾರ. ಕ್ಷುದ್ರಗ್ರಹ ಅಂದರೆ ಸಾಕು, ಸೆರೆಸ್, ವೆಸ್ಟಾ ಅಂತಲೇ ಮಾತು ಶುರುವಾಗುತ್ತದೆ. ಅವೆರಡನ್ನೂ ನೌಕೆಯೊಂದು ಹೋಗಿ ಸುತ್ತಿದೆ, ಚೆಂದದ ಫೋಟೊಗಳಿವೆ, ಹಾಗಾಗಿ ಅದು ಸಹಜವೇ. ಆದರೆ ನನಗೆ ಬಹಳ ಹಿಡಿಸಿರುವುದು ಬೇರೆ ಒಂದು. ಹೆಸರು ಸಿಲ್ವಿಯಾ, ಕ್ರಮಸಂಖ್ಯೆ 87. ಮಂಗಳ ಮತ್ತು ಗುರುಗ್ರಹಗಳ ನಡುವೆ ಸೂರ್ಯನನ್ನು ಸುತ್ತುವ ಕ್ಷುದ್ರಗ್ರಹಗಳ ಪಟ್ಟಿಯ ಹೊರ ಅಂಚಿನಲ್ಲಿ, ಸೂರ್ಯನಿಂದ ಸರಾಸರಿ 52 ಕೋಟಿ ಕಿಲೋಮೀಟರ್ ದೂರದಲ್ಲಿದೆ. ಸೂರ್ಯನ ಬೆಳಕು ಅಲ್ಲಿಗೆ ತಲುಪಲು ಸುಮಾರು 29 ನಿಮಿಷ ಬೇಕು. ಒಂದು ಸುತ್ತು ಮುಗಿಸಲು ಆರೂವರೆ ವರ್ಷ.

ಗಾತ್ರದಲ್ಲಿ ಇದು ಇಡೀ ಪಟ್ಟಿಯ ಮೊದಲ ಹತ್ತರೊಳಗೆ ಬರುತ್ತದೆ. ಸರಾಸರಿ ವ್ಯಾಸ ಸುಮಾರು 271 ಕಿ.ಮೀ. ಆದರೆ ಗುಂಡಗಿಲ್ಲ. ಒಂದು ಕಡೆ ಅಳೆದರೆ 370 ಕಿ.ಮೀ. ಹತ್ತಿರ, ಇನ್ನೊಂದು ಕಡೆ 200ಕ್ಕೂ ಕಮ್ಮಿ. ಇಷ್ಟು ದೊಡ್ಡ ಉದ್ದನೆಯ ಕಲ್ಲು 5 ಗಂಟೆ 11 ನಿಮಿಷಕ್ಕೆ ಒಂದು ಸಲ ತನ್ನ ಸುತ್ತ ತಾನು ತಿರುಗುತ್ತದೆ. ಅದರ ತುದಿಯಲ್ಲಿ ನೆಲವೇ ಗಂಟೆಗೆ ಸುಮಾರು 225 ಕಿ.ಮೀ. ವೇಗದಲ್ಲಿ ಓಡುತ್ತಿರುತ್ತದೆ.

ಈ ಸಿಲ್ವಿಯಾಗೆ ಎರಡು ಚಂದ್ರರಿದ್ದಾರೆ. ರೋಮುಲಸ್ ಮತ್ತು ರೀಮಸ್. ಪಟ್ಟಿಯಲ್ಲಿ ಎರಡು ಚಂದ್ರರಿರುವ ಕ್ಷುದ್ರಗ್ರಹ ಅಂತ ಮೊಟ್ಟಮೊದಲು ಗೊತ್ತಾದದ್ದು ಇದೇ.

ಇನ್ನೊಂದು ವಿಷಯ. ಇದನ್ನು ಕಂಡುಹಿಡಿದದ್ದು ಪ್ಯಾರಿಸ್ಸಿನಲ್ಲೋ ಬರ್ಲಿನ್ನಿನಲ್ಲೋ ಅಲ್ಲ, ನಮ್ಮ ಪಕ್ಕದ ಮದ್ರಾಸಿನಲ್ಲಿ. 1866ರ ಮೇ 16ರಂದು, ನಾರ್ಮನ್ ಪಾಗ್ಸನ್ ಅನ್ನುವವರು. ಇದು ನಮ್ಮ ಮಕ್ಕಳ ಕಿವಿಗೆ ಬೀಳಬೇಕು ಅಂತ ನನ್ನ ಆಸೆ. ತಿಳಿದವರು ದಯವಿಟ್ಟು ಸೇರಿಸಿ.

ಕುಂದಾಪುರದ ಹುಡುಗಿ

ಒಳ್ಳೆಯ ವಿಷಯ ಎತ್ತಿದಿರಿ ಸರ್. ಒಂದು ಪ್ರಶ್ನೆ. 1866ರಲ್ಲಿ ಕ್ಯಾಮೆರಾ ಇಟ್ಟು ಆಕಾಶದ ಫೋಟೊ ತೆಗೆಯುವ ಪದ್ಧತಿ ಇರಲಿಲ್ಲ ಅಲ್ವಾ? ಸಾವಿರಾರು ಚುಕ್ಕಿಗಳ ನಡುವೆ ಇದೊಂದು ನಕ್ಷತ್ರವಲ್ಲ ಅಂತ ಗೊತ್ತಾಗುವುದು ಹೇಗೆ?

ಇರುಳ ಆಕಾಶ

ಕಣ್ಣು ಮತ್ತು ಕೈಯಲ್ಲಿ ಬರೆದ ನಕ್ಷೆ, ಅಷ್ಟೇ. ಗ್ರಹಗಳೂ ಕ್ಷುದ್ರಗ್ರಹಗಳೂ ಬಹುಮಟ್ಟಿಗೆ ಸೂರ್ಯನ ದಾರಿಯ ಆಸುಪಾಸಿನಲ್ಲೇ ಓಡಾಡುತ್ತವೆ. ಆ ದಾರಿಯ ಒಂದೊಂದು ತುಂಡು ಆಕಾಶವನ್ನು ಆರಿಸಿಕೊಂಡು, ಅಲ್ಲಿ ಟೆಲಿಸ್ಕೋಪಿಗೆ ಕಾಣುವ ಚುಕ್ಕಿಗಳನ್ನೆಲ್ಲ ನಕ್ಷೆಯಲ್ಲಿ ಗುರುತು ಹಾಕಬೇಕು. ಮತ್ತೊಂದು ರಾತ್ರಿ ಅದೇ ಜಾಗಕ್ಕೆ ಟೆಲಿಸ್ಕೋಪ್ ತಿರುಗಿಸಿ ಒಂದೊಂದೇ ತಾಳೆ ನೋಡಬೇಕು. ನಕ್ಷೆಯಲ್ಲಿ ಇಲ್ಲದ ಚುಕ್ಕಿ ಕಂಡರೆ ಕಾಯಬೇಕು. ಅದು ಅಕ್ಕಪಕ್ಕದ ನಕ್ಷತ್ರಗಳಿಂದ ಸರಿದರೆ ಕ್ಷುದ್ರಗ್ರಹ. ಸರಿಯದೆ ಬೆಳಕು ಏರಿಳಿದರೆ ಚಂಚಲ ನಕ್ಷತ್ರ. ಪಾಗ್ಸನ್ ಎರಡೂ ಬಗೆಯವನ್ನು ಹುಡುಕುತ್ತಿದ್ದರು.

ಫೋಟೊ ಹಾಳೆಯಿಂದ ಮೊದಲ ಸಲ ಹೊಸ ಕ್ಷುದ್ರಗ್ರಹ ಹಿಡಿದದ್ದು 1891ರ ಡಿಸೆಂಬರಿನಲ್ಲಿ, ಜರ್ಮನಿಯ ಮ್ಯಾಕ್ಸ್ ವುಲ್ಫ್. ಅದೇ ವರ್ಷ ಜೂನಿನಲ್ಲಿ ಪಾಗ್ಸನ್ ಮದ್ರಾಸಿನಲ್ಲೇ ತೀರಿಕೊಂಡಿದ್ದರು. ಅಂದರೆ ಅವರು ಕಂಡುಹಿಡಿದ ಎಂಟು ಕ್ಷುದ್ರಗ್ರಹಗಳೂ ಬರೀ ಕಣ್ಣಿನ ದುಡಿಮೆ. ಮೊದಲ ಮೂರು ಇಂಗ್ಲೆಂಡಿನಲ್ಲಿ, ಉಳಿದ ಐದು ಮದ್ರಾಸಿನಲ್ಲಿ.

ಎಂಟಿಂಚು

ಮದ್ರಾಸಿಗೆ ಇನ್ನೊಂದು ಅನುಕೂಲ ಇತ್ತು, ಅದನ್ನೂ ಹೇಳಬೇಕು. ಮೇ ತಿಂಗಳ ನಡುರಾತ್ರಿ ಸೂರ್ಯನಿಗೆ ನೇರ ಎದುರಿಗಿರುವ ಆಕಾಶದ ಭಾಗ ದಕ್ಷಿಣಕ್ಕೆ ಸುಮಾರು 19 ಡಿಗ್ರಿ ವಾಲಿರುತ್ತದೆ. ಇಂಗ್ಲೆಂಡಿನಿಂದ ನೋಡಿದರೆ ಅದು ದಿಗಂತದಿಂದ 20 ಡಿಗ್ರಿಯೂ ಮೇಲೇರುವುದಿಲ್ಲ. ಮಬ್ಬು, ಹೊಗೆ, ಅಲುಗಾಡುವ ಗಾಳಿ ಎಲ್ಲ ಅಡ್ಡ ಬರುತ್ತವೆ. 13 ಡಿಗ್ರಿ ಅಕ್ಷಾಂಶದ ಮದ್ರಾಸಿನಲ್ಲಿ ಅದೇ ಭಾಗ 58 ಡಿಗ್ರಿ ಎತ್ತರಕ್ಕೆ ಬರುತ್ತದೆ. ಬೆಂಗಳೂರಿನದ್ದೂ ಹೆಚ್ಚುಕಮ್ಮಿ ಅದೇ ಅಕ್ಷಾಂಶ. ಮಳೆಗಾಲ ಇನ್ನೂ ಶುರುವಾಗಿರುವುದಿಲ್ಲ. ಕ್ಷುದ್ರಗ್ರಹ ಬೇಟೆಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕಾ?

ಇತಿಹಾಸಪ್ರಿಯ

ನನ್ನದೊಂದು ತಕರಾರು ಇದೆ, ಬೇಜಾರು ಮಾಡಿಕೊಳ್ಳಬೇಡಿ. ಪಾಗ್ಸನ್ ಹುಟ್ಟಿದ್ದು ನಾಟಿಂಗ್‌ಹ್ಯಾಮಿನಲ್ಲಿ. 1861ರಲ್ಲಿ ಬ್ರಿಟಿಷ್ ಸರ್ಕಾರದ ಖಗೋಳಶಾಸ್ತ್ರಜ್ಞರಾಗಿ ಇಲ್ಲಿಗೆ ಬಂದರು. ಅವರು ಕೆಲಸ ಮಾಡಿದ ಮದ್ರಾಸ್ ವೀಕ್ಷಣಾಲಯ ಕಟ್ಟಿದ್ದೇ ಈಸ್ಟ್ ಇಂಡಿಯಾ ಕಂಪನಿ, ಅದರ ಉದ್ದೇಶ ಹಡಗು ಮತ್ತು ಭೂಮಾಪನ. ಇದನ್ನು "ನಮ್ಮ" ಶೋಧ ಅಂತ ಎದೆ ತಟ್ಟಿಕೊಳ್ಳುವುದರಲ್ಲಿ ಏನರ್ಥ? ಅಲ್ಲಿ ದುಡಿದ ಭಾರತೀಯರ ಹೆಸರು ಯಾರಿಗೂ ಗೊತ್ತಿಲ್ಲ. ಮೊದಲು ಅವರ ಬಗ್ಗೆ ಮಾತಾಡೋಣ.

ಚೆನ್ನೈ ಕನ್ನಡಿಗ

ಇತಿಹಾಸಪ್ರಿಯ ಅವರೇ, ನಿಮ್ಮ ಮಾತಿನ ಎರಡನೇ ಭಾಗ ನನಗೆ ಪೂರಾ ಒಪ್ಪಿಗೆ. ಅದಕ್ಕೇ ಒಂದು ಹೆಸರು ಹೇಳುತ್ತೇನೆ. ಚಿಂತಾಮಣಿ ರಘುನಾಥಾಚಾರಿ. ಸಿಲ್ವಿಯಾ ಸಿಕ್ಕ ಕಾಲದಲ್ಲಿ ಅದೇ ವೀಕ್ಷಣಾಲಯದಲ್ಲಿ ಕೆಲಸಕ್ಕಿದ್ದವರು. ಮರುವರ್ಷ, 1867ರಲ್ಲಿ, ಆರ್ ರೆಟಿಕ್ಯುಲಿ ಅನ್ನುವ ನಕ್ಷತ್ರದ ಬೆಳಕು ಏರಿಳಿಯುತ್ತದೆ ಅಂತ ಕಂಡುಹಿಡಿದರು. ಆಧುನಿಕ ಕಾಲದಲ್ಲಿ ಚಂಚಲ ನಕ್ಷತ್ರ ಕಂಡುಹಿಡಿದ ಮೊದಲ ಭಾರತೀಯ ಅಂತ ಅವರನ್ನು ಗುರುತಿಸುತ್ತಾರೆ. 1872ರಲ್ಲಿ ಲಂಡನ್ನಿನ ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಯ ಫೆಲೋ ಆದರು.

ಕನ್ನಡದವರಿಗೆ ಇನ್ನೂ ಹತ್ತಿರದ ಸಂಗತಿ ಇದೆ. 1874ರ ಡಿಸೆಂಬರ್ 9ರಂದು ಶುಕ್ರ ಸಂಕ್ರಮಣ ಆಯಿತು, ಅಂದರೆ ಶುಕ್ರ ಸೂರ್ಯಬಿಂಬದ ಮುಂದೆ ಹಾದುಹೋಯಿತು. ಅದು ಜನಕ್ಕೆ ತಿಳಿಯಲಿ ಅಂತ ರಘುನಾಥಾಚಾರಿಗಳು ಒಂದು ಪುಸ್ತಿಕೆ ಬರೆದರು. ಅದು ಕನ್ನಡದಲ್ಲೂ ಬಂತು. ಯೋಚನೆ ಮಾಡಿ, 150 ವರ್ಷದ ಹಿಂದೆ, ಮದ್ರಾಸ್ ವೀಕ್ಷಣಾಲಯದ ಒಬ್ಬ ಖಗೋಳಜ್ಞರ ಮಾತು ಕನ್ನಡದಲ್ಲಿ ಅಚ್ಚಾಗಿ ಜನರ ಕೈ ಸೇರಿತು. ಇದು ನನಗೆ ಸಿಲ್ವಿಯಾಗಿಂತ ದೊಡ್ಡ ವಿಷಯ.

ಆ ವೀಕ್ಷಣಾಲಯ ಇದ್ದ ಜಾಗ ನುಂಗಂಬಾಕ್ಕಂನಲ್ಲಿ ಹವಾಮಾನ ಇಲಾಖೆಯ ಆವರಣದೊಳಗಿದೆ. 1792ರ ಹಳೆಯ ಕಟ್ಟಡ ಉಳಿದಿಲ್ಲ. ಉಳಿದಿರುವುದು ಉಪಕರಣವನ್ನು ಹೊತ್ತು ನಿಂತಿದ್ದ ಗ್ರಾನೈಟ್ ಕಂಬ. ಅದರ ಮೈಮೇಲೆ ಹಲವು ಭಾಷೆಗಳಲ್ಲಿ ಕೆತ್ತಿದ ಬರಹ. ಕಲ್ಲು ಒರಟಾಗಿಲ್ಲ, ಅಕ್ಷರಗಳನ್ನು ಈಗಲೂ ಬೆರಳಿನಲ್ಲಿ ಮುಟ್ಟಿ ಗುರುತಿಸಬಹುದು. ಒಂದು ಕಾಲದಲ್ಲಿ ದೇಶದ ರೈಲುಗಳೆಲ್ಲ ನಡೆಯುತ್ತಿದ್ದ "ಮದ್ರಾಸ್ ಟೈಮ್" ಲೆಕ್ಕ ಹಾಕುತ್ತಿದ್ದದ್ದು ಇದೇ ಆವರಣದಲ್ಲಿ.

ಕುಂದಾಪುರದ ಹುಡುಗಿ

ಹೆಸರುಗಳ ಮಾತು ಬಂದಿದೆ, ನಾನೂ ಒಂದು ಸೇರಿಸುತ್ತೇನೆ. ಪಾಗ್ಸನ್ ಅವರ ಮಗಳು ಇಸಿಸ್ ಪಾಗ್ಸನ್. ಅದೇ ವೀಕ್ಷಣಾಲಯದಲ್ಲಿ 1873ರಿಂದ ಗಣಿತದ ಲೆಕ್ಕ ಮಾಡುವ ಕೆಲಸ ಮಾಡಿದವರು. ಮುಂದೆ ಮದ್ರಾಸಿನ ಹವಾಮಾನ ವರದಿಯ ಹೊಣೆಯನ್ನೂ ಹೊತ್ತರು. 1886ರಲ್ಲಿ ಅಪ್ಪ ಅವರ ಹೆಸರನ್ನು ರಾಯಲ್ ಆಸ್ಟ್ರನಾಮಿಕಲ್ ಸೊಸೈಟಿಗೆ ಸೂಚಿಸಿದರು. ನಿಯಮಾವಳಿಯಲ್ಲಿ "ಅವನು" ಅಂತ ಮಾತ್ರ ಇದೆ, ಹೆಂಗಸರನ್ನು ಸೇರಿಸಲು ಬರುವುದಿಲ್ಲ ಅಂತಾಯಿತು. ಕೊನೆಗೆ 1920ರಲ್ಲಿ ಸೇರಿಸಿಕೊಂಡರು. ಮೂವತ್ತನಾಲ್ಕು ವರ್ಷ! ನನಗೆ ಇದು ಓದಿದಾಗ ಹೊಟ್ಟೆ ಉರಿದು ಹೋಯಿತು.

ಇತಿಹಾಸಪ್ರಿಯ

ಚೆನ್ನೈ ಕನ್ನಡಿಗ, ಕುಂದಾಪುರದ ತಂಗಿ, ಇಬ್ಬರಿಗೂ ಧನ್ಯವಾದ. ನನಗೆ ಬೇಕಿದ್ದದ್ದು ಇದೇ. ಪಾಗ್ಸನ್ ಹೆಸರು ಬರಲಿ, ಜೊತೆಗೆ ಈ ಇಬ್ಬರ ಹೆಸರೂ ಬರಲಿ. ಹಾಗೆ ಹೇಳುವುದಾದರೆ ನಾನೂ ನಿಮ್ಮ ಜೊತೆ.

ಹೆಸರಿನ ಬಗ್ಗೆ ಒಂದು ತಿದ್ದುಪಡಿ ಎಲ್ಲರಿಗೂ ಗೊತ್ತಿರಲಿ. ಸಿಲ್ವಿಯಾ ಅನ್ನುವುದು ಫ್ರೆಂಚ್ ಖಗೋಳಜ್ಞ ಕ್ಯಾಮಿಲ್ ಫ್ಲಾಮರಿಯೋನ್ ಅವರ ಹೆಂಡತಿಯ ಹೆಸರು ಅಂತ ಕೆಲವು ಕಡೆ ಬರೆದಿದೆ. ಅದು ಸರಿಯಲ್ಲ. ಶೋಧವನ್ನು ಪ್ರಕಟಿಸುವಾಗ ಪಾಗ್ಸನ್ ತಾವೇ ಹೇಳಿದ್ದಾರೆ, ಇದು ರೋಮನ್ ಪುರಾಣದ ರಿಯಾ ಸಿಲ್ವಿಯಾ ಅಂತ. ರೋಮ್ ನಗರ ಕಟ್ಟಿದ ಅವಳಿಗಳಾದ ರೋಮುಲಸ್ ಮತ್ತು ರೀಮಸ್‌ರ ತಾಯಿ. ಚಂದ್ರರಿಗೆ ಮಕ್ಕಳ ಹೆಸರಿಟ್ಟದ್ದು ಅದಕ್ಕೇ.

ಡಿಗ್ರಿ ಸ್ಟೂಡೆಂಟ್

ನಾನು ಬಿಎಸ್‌ಸಿ ಎರಡನೇ ವರ್ಷ. ಚಂದ್ರರು ಹೇಗೆ ಸಿಕ್ಕರು ಅಂತ ಯಾರಾದರೂ ಹೇಳಿ ಪ್ಲೀಸ್. ಸಿಲ್ವಿಯಾ ಹತ್ತಿರ ನೌಕೆಯಂತೂ ಹೋಗಿಲ್ಲ. ಇಷ್ಟು ದೂರದ ಕಲ್ಲಿನ ಸುತ್ತ 20 ಕಿ.ಮೀ. ಕಲ್ಲೊಂದು ಸುತ್ತುವುದು ಭೂಮಿಯಿಂದ ಕಾಣುತ್ತದಾ?

ಇರುಳ ಆಕಾಶ

ಕಾಣುತ್ತದೆ, ಆದರೆ ಅದಕ್ಕೆ ಎಂಟು ಹತ್ತು ಮೀಟರ್ ಕನ್ನಡಿಯ ಟೆಲಿಸ್ಕೋಪ್ ಬೇಕು, ಜೊತೆಗೆ ಗಾಳಿಯ ಅಲುಗಾಟವನ್ನು ಆಯಾ ಕ್ಷಣದಲ್ಲೇ ಸರಿಪಡಿಸುವ ವ್ಯವಸ್ಥೆಯೂ ಬೇಕು. ಕನ್ನಡಿಯೊಂದರ ಆಕಾರವನ್ನು ಸೆಕೆಂಡಿಗೆ ನೂರಾರು ಸಲ ಚೂರುಚೂರೇ ಬಗ್ಗಿಸಿ ಚಿತ್ರ ಕದಡದ ಹಾಗೆ ನೋಡಿಕೊಳ್ಳುತ್ತಾರೆ.

ರೋಮುಲಸ್ ಸಿಕ್ಕಿದ್ದು 2001ರ ಫೆಬ್ರವರಿಯಲ್ಲಿ, ಹವಾಯಿಯ ಕೆಕ್ ಟೆಲಿಸ್ಕೋಪಿನಲ್ಲಿ. ನೋಡಿದವರು ಮೈಕೆಲ್ ಬ್ರೌನ್ ಮತ್ತು ಜಾನ್-ಲುಕ್ ಮಾರ್ಗೋ. ರೀಮಸ್ ಇನ್ನೂ ಚಿಕ್ಕದು, ಇನ್ನೂ ಒಳಗಿದೆ. ಅದು 2004ರಲ್ಲಿ ಚಿಲಿಯ ವಿಎಲ್‌ಟಿ ಅನ್ನುವ ದೊಡ್ಡ ಟೆಲಿಸ್ಕೋಪಿನಲ್ಲಿ ತೆಗೆದ ಚಿತ್ರಗಳಲ್ಲಿ ಸಿಕ್ಕಿತು. ಫ್ರಾಂಕ್ ಮಾರ್ಶಿ ಮತ್ತು ಸಂಗಡಿಗರು 2005ರ ಆಗಸ್ಟಿನಲ್ಲಿ ಪ್ರಕಟಿಸಿದರು.

ಕ್ಷುದ್ರಗ್ರಹಕ್ಕೆ ಚಂದ್ರ ಇರಬಹುದು ಅನ್ನುವುದೇ ಖಚಿತವಾದದ್ದು ಗೆಲಿಲಿಯೋ ನೌಕೆಯಿಂದ. ಅದು 1993ರಲ್ಲಿ ಇಡಾ ಪಕ್ಕ ಹಾದುಹೋದಾಗ ತೆಗೆದ ಚಿತ್ರದಲ್ಲಿ ಡ್ಯಾಕ್ಟೈಲ್ ಅನ್ನುವ ಪುಟ್ಟ ಚಂದ್ರ ಸಿಕ್ಕಿತ್ತು. ಅಲ್ಲಿಂದ ಹನ್ನೆರಡು ವರ್ಷಕ್ಕೆ ಒಂದೇ ಕ್ಷುದ್ರಗ್ರಹಕ್ಕೆ ಎರಡು ಚಂದ್ರರು.

ಹಳ್ಳಿ ಮೇಷ್ಟ್ರು

ಚಂದ್ರರು ಸಿಕ್ಕಿದ್ದರ ನಿಜವಾದ ಲಾಭ ಚಿತ್ರವಲ್ಲ, ತೂಕ. ಡಿಗ್ರಿ ಸ್ಟೂಡೆಂಟ್ ಅವರೇ, ಒಂದು ಪೇಪರ್ ತೆಗೆದುಕೊಳ್ಳಿ. ನಾನು ಹತ್ತನೇ ಕ್ಲಾಸಿನ ಮಕ್ಕಳಿಗೆ ಇದನ್ನೇ ಮಾಡಿಸುತ್ತೇನೆ. ಗುರುತ್ವ ಸ್ಥಿರಾಂಕವೂ ಬೇಡ, ನಮ್ಮ ಭೂಮಿ ಮತ್ತು ಚಂದ್ರನ ಜೊತೆ ಹೋಲಿಸಿದರೆ ಸಾಕು.

ಕೆಪ್ಲರ್ ಮೂರನೇ ನಿಯಮದ ಪ್ರಕಾರ, ನಡುವಿನ ಕಾಯದ ದ್ರವ್ಯರಾಶಿ ಅಂದರೆ ದೂರದ ಘನವನ್ನು ಸುತ್ತುವ ಕಾಲದ ವರ್ಗದಿಂದ ಭಾಗಿಸಿದ್ದಕ್ಕೆ ಅನುಪಾತ.

ನಮ್ಮ ಚಂದ್ರ ಇರುವುದು 3,84,400 ಕಿ.ಮೀ. ದೂರದಲ್ಲಿ. ಸುತ್ತಲು 27.32 ದಿನ. ರೋಮುಲಸ್ ಇರುವುದು ಸಿಲ್ವಿಯಾದ ಕೇಂದ್ರದಿಂದ ಸುಮಾರು 1,357 ಕಿ.ಮೀ. ದೂರದಲ್ಲಿ, ಸುತ್ತಲು 3.65 ದಿನ.

ದೂರದ ಅನುಪಾತ 283.3. ಅದರ ಘನ ಸುಮಾರು 2.27 ಕೋಟಿ.
ಕಾಲದ ಅನುಪಾತ 7.485. ಅದರ ವರ್ಗ 56.
ಭಾಗಿಸಿದರೆ ಸುಮಾರು 4 ಲಕ್ಷದ 6 ಸಾವಿರ. ಅಂದರೆ ಭೂಮಿ ಸಿಲ್ವಿಯಾಗಿಂತ ಅಷ್ಟು ಪಟ್ಟು ಭಾರ.

ಈಗ ರೀಮಸ್ ಇಟ್ಟುಕೊಂಡು ಮತ್ತೆ ಮಾಡಿ. ದೂರ 706 ಕಿ.ಮೀ., ಕಾಲ 1.379 ದಿನ. ದೂರದ ಅನುಪಾತ 544.5, ಘನ 16.14 ಕೋಟಿ. ಕಾಲದ ಅನುಪಾತ 19.81, ವರ್ಗ 392.5. ಉತ್ತರ 4 ಲಕ್ಷದ 11 ಸಾವಿರ.

ನೋಡಿದಿರಾ? ಎರಡು ಬೇರೆ ಬೇರೆ ಚಂದ್ರರು, ಬೇರೆ ದೂರ, ಬೇರೆ ಕಾಲ. ಉತ್ತರ ನೂರಕ್ಕೆ ಒಂದೆರಡರಷ್ಟು ವ್ಯತ್ಯಾಸದಲ್ಲಿ ಒಂದೇ. ಈ ಜಾಗಕ್ಕೆ ಬಂದಾಗ ಕ್ಲಾಸಿನಲ್ಲಿ ಒಂದಿಬ್ಬರಾದರೂ "ಸಾರ್, ಸೇಮ್ ಬಂತು!" ಅಂತ ಕೂಗುತ್ತಾರೆ. ಆ ಕೂಗಿಗೋಸ್ಕರವೇ ನಾನು ಈ ಲೆಕ್ಕ ಕೊಡುವುದು.

ಮುಂದಿನ ಹೆಜ್ಜೆ ಸಾಂದ್ರತೆ. 271 ಕಿ.ಮೀ. ವ್ಯಾಸದ ಗೋಳ ಅಂತ ಇಟ್ಟುಕೊಂಡರೆ ಗಾತ್ರ ಸುಮಾರು 1.04 ಕೋಟಿ ಘನ ಕಿ.ಮೀ. ದ್ರವ್ಯರಾಶಿಯನ್ನು ಅದರಿಂದ ಭಾಗಿಸಿದರೆ ಘನ ಸೆಂಟಿಮೀಟರಿಗೆ 1.4 ಗ್ರಾಂ ಆಸುಪಾಸು. ಕಗ್ಗಲ್ಲು 2.7 ಇರುತ್ತದೆ. ಸಿಲ್ವಿಯಾ ಅದರ ಅರ್ಧದಷ್ಟು. ಕಲ್ಲಿದ್ದಲಿನಷ್ಟು ಹಗುರ ಅನ್ನಿ.

ಡಿಗ್ರಿ ಸ್ಟೂಡೆಂಟ್

ಮೇಷ್ಟ್ರೇ, ಮಾಡಿ ನೋಡಿದೆ, ನಿಜವಾಗಲೂ ಬಂತು! ನಮಗೆ ಕಾಲೇಜಿನಲ್ಲಿ ಈ ನಿಯಮವನ್ನು ಬರೀ ಬಾಯಿಪಾಠ ಮಾಡಿಸಿದ್ದರು. ಆದರೆ ಅಷ್ಟು ಹಗುರ ಅಂದರೆ ಏನರ್ಥ? ಒಳಗೆ ಟೊಳ್ಳಾ?

ಇರುಳ ಆಕಾಶ

2005ರಲ್ಲಿ ಮಾರ್ಶಿ ಗುಂಪು ಹೇಳಿದ್ದು ಹೆಚ್ಚುಕಮ್ಮಿ ಅದನ್ನೇ. ಹಳೆಯ ಕಾಲದಲ್ಲಿ ದೊಡ್ಡ ಡಿಕ್ಕಿಯಲ್ಲಿ ಒಡೆದು, ಚೂರುಗಳು ತಮ್ಮದೇ ಗುರುತ್ವಕ್ಕೆ ಮತ್ತೆ ಸೇರಿ ಆದ ರಾಶಿ ಇದು. ಚೂರುಗಳ ನಡುವೆ ಸಾಕಷ್ಟು ಖಾಲಿ ಜಾಗ. ಸೇರದೆ ಸುತ್ತಲೇ ಉಳಿದ ಒಂದಿಷ್ಟು ಚೂರು ಚಂದ್ರರಾದವು. ಪೂರಾ ದೂರ ಹೋದವು ಸಿಲ್ವಿಯಾ ಕುಟುಂಬ ಅಂತ ಈಗಲೂ ಅದೇ ಬಗೆಯ ಕಕ್ಷೆಗಳಲ್ಲಿ ಸುತ್ತುತ್ತಿವೆ. ಒಡೆದು ಸೇರಿದ್ದು ಅನ್ನುವುದು ಈಗಲೂ ಸರಿ. ಆದರೆ ಒಳಗಿನ ಕಥೆ 2021ರಲ್ಲಿ ಬದಲಾಯಿತು. ಅದನ್ನು ಚೂರು ಬಿಡಿಸಿ ಹೇಳುತ್ತೇನೆ, ಇದು ನನಗೆ ಇಡೀ ವಿಷಯದಲ್ಲೇ ಇಷ್ಟವಾದ ಭಾಗ.

ಸಿಲ್ವಿಯಾ ಉದ್ದಕ್ಕಿದೆ. ಅದರ ಒಳಗೆಲ್ಲ ಒಂದೇ ಸಮ ಪದಾರ್ಥ ಇದ್ದರೆ ಅದರ ಗುರುತ್ವವೂ ಎಲ್ಲ ಕಡೆ ಒಂದೇ ಸಮ ಇರುವುದಿಲ್ಲ. ಆ ಏರುಪೇರಿಗೆ ಚಂದ್ರರ ಕಕ್ಷೆ ನಿಧಾನಕ್ಕೆ ತಿರುಗುತ್ತಾ ಹೋಗಬೇಕು. ಎಷ್ಟು ತಿರುಗಬೇಕು ಅಂತ ಲೆಕ್ಕ ಹಾಕಬಹುದು. ಹಾಗಾಗಿ ಸುಮಾರು ಇಪ್ಪತ್ತು ವರ್ಷದ ಚಿತ್ರಗಳನ್ನೆಲ್ಲ ಒಟ್ಟು ಮಾಡಿ, ಚಂದ್ರರು ಎಂದು ಎಲ್ಲಿದ್ದರು ಅಂತ ಅಳೆದರು. ವಿಎಲ್‌ಟಿಯ ಸ್ಫಿಯರ್ ಉಪಕರಣ ಸಿಲ್ವಿಯಾದ ಆಕಾರವನ್ನೂ ಸ್ಪಷ್ಟವಾಗಿ ತೋರಿಸಿತ್ತು. ಬೆನುವಾ ಕ್ಯಾರಿ ಮತ್ತು ಸಂಗಡಿಗರು ಲೆಕ್ಕ ಹಾಕಿದಾಗ ಕಂಡದ್ದು ಇದು: ಆ ಆಕಾರಕ್ಕೆ ಇರಬೇಕಾದಷ್ಟು ಏರುಪೇರು ಚಂದ್ರರ ಓಟದಲ್ಲಿ ಇಲ್ಲವೇ ಇಲ್ಲ. ಚಂದ್ರರು ಗುಂಡನೆಯ ಕಾಯವೊಂದನ್ನು ಸುತ್ತುವ ಹಾಗೆ ಸುತ್ತುತ್ತಿದ್ದಾರೆ.

ಹಾಗಾದರೆ ಭಾರ ಎಲ್ಲಿದೆ? ನಡುವೆ. ಒಳಗೆ ಒತ್ತಾದ, ಗುಂಡನೆಯ ತಿರುಳು. ಹೊರಗೆ ಸಡಿಲವಾದ, ಹಗುರವಾದ ದಪ್ಪ ಪದರ. ಉದ್ದನೆಯ ಆಕಾರ ಆ ಹೊರಪದರದ್ದು.

ಅವರು ಕೊಟ್ಟ ಕಾರಣವೂ ಸೊಗಸಾಗಿದೆ. ಸೌರಮಂಡಲ ಹುಟ್ಟಿದ ಹೊಸತರಲ್ಲಿ ಅಲ್ಯುಮಿನಿಯಂ 26 ಅನ್ನುವ ವಿಕಿರಣಶೀಲ ಪದಾರ್ಥ ಕಲ್ಲುಗಳಲ್ಲಿ ಬೆರೆತಿತ್ತು. ಅದರ ಕಾವಿಗೆ ಒಳಗಿನ ಮಂಜುಗಡ್ಡೆ ಕರಗಿತು. ನೀರು ಕಲ್ಲುಪುಡಿಯ ಸಂದುಗಳಲ್ಲಿ ಇಳಿದು ಹರಿಯಿತು, ಒಳಭಾಗ ಕುಸಿದು ಗಟ್ಟಿಯಾಯಿತು. ಹೊರಗೆ ಚಳಿ, ಅಲ್ಲಿ ಏನೂ ಕರಗಲಿಲ್ಲ, ಹಳೆಯ ಸಾಮಗ್ರಿ ಹಾಗೇ ಉಳಿಯಿತು.

ನೌಕೆ ಹೋಗಿಲ್ಲ, ರಂಧ್ರ ಕೊರೆದಿಲ್ಲ. 52 ಕೋಟಿ ಕಿ.ಮೀ. ದೂರದ ಕಲ್ಲಿನ ಹೊಟ್ಟೆಯೊಳಗೆ ಏನಿದೆ ಅಂತ ಎರಡು ಚುಕ್ಕಿಗಳ ಓಟ ನೋಡಿ ಹೇಳಿದರು. ನನಗೆ ಇದಕ್ಕಿಂತ ದೊಡ್ಡ ಖುಷಿ ಬೇರೆ ಇಲ್ಲ.

ಕುಂದಾಪುರದ ಹುಡುಗಿ

ಓದುತ್ತಾ ಮೈ ಜುಂ ಅಂತು. ಸಿಲ್ವಿಯಾ ಮೇಲೆ ನಿಂತರೆ ಆ ಚಂದ್ರರು ಎಷ್ಟು ದೊಡ್ಡದಾಗಿ ಕಾಣಬಹುದು?

ಎಂಟಿಂಚು

ರೋಮುಲಸ್ ನಮ್ಮ ಹುಣ್ಣಿಮೆ ಚಂದ್ರನಿಗಿಂತ ದೊಡ್ಡದಾಗಿಯೇ ಕಾಣುತ್ತದೆ ತಂಗಿ. ಆದರೆ ನಾನಾದರೆ ರೀಮಸ್ ಮೇಲೆ ನಿಲ್ಲುತ್ತೇನೆ. ಅಲ್ಲಿಂದ ಸಿಲ್ವಿಯಾದ ಉದ್ದ ಆಕಾಶದಲ್ಲಿ ಸುಮಾರು 30 ಡಿಗ್ರಿ. ದಿಗಂತದಿಂದ ನೆತ್ತಿವರೆಗಿನ ಮೂರನೇ ಒಂದು ಭಾಗ. ಅಷ್ಟು ದೊಡ್ಡದು ಕಣ್ಣೆದುರಿಗೆ ಐದು ಗಂಟೆಗೊಂದು ಸಲ ಉರುಳುತ್ತಿರುತ್ತದೆ. ಮೈ ಮಾತ್ರ ತುಂಬ ಕಪ್ಪು. ಬಿದ್ದ ಬೆಳಕಿನಲ್ಲಿ ನೂರಕ್ಕೆ ನಾಲ್ಕರಷ್ಟನ್ನು ಮಾತ್ರ ಅದು ಹಿಂದಕ್ಕೆ ಕಳಿಸುತ್ತದೆ.

ಹಳ್ಳಿ ಮೇಷ್ಟ್ರು

ಆ ಕಪ್ಪಿನ ಬಗ್ಗೆ ಒಂದು ಮಾತು. ಪಟ್ಟಿಯಲ್ಲಿ ಹೊರಗೆ ಹೋದಷ್ಟೂ ಕಪ್ಪು ಕಲ್ಲುಗಳು ಜಾಸ್ತಿ. ಸೂರ್ಯನಿಂದ ಭೂಮಿಗಿರುವ ದೂರವನ್ನು ಒಂದು ಅಂತ ಇಟ್ಟುಕೊಂಡರೆ, 3.27ರ ಹತ್ತಿರ ಪಟ್ಟಿಯಲ್ಲಿ ಒಂದು ಖಾಲಿ ಜಾಗ ಇದೆ. ಅಲ್ಲಿರುವ ಕಲ್ಲು ಎರಡು ಸುತ್ತು ಹಾಕುವಷ್ಟರಲ್ಲಿ ಗುರುಗ್ರಹ ಸರಿಯಾಗಿ ಒಂದು ಸುತ್ತು ಹಾಕುತ್ತದೆ. ಪ್ರತಿ ಸಲವೂ ಅದೇ ಜಾಗದಲ್ಲಿ ಗುರುವಿನ ಎಳೆತ ಬಿದ್ದು ಬಿದ್ದು ಕಲ್ಲುಗಳು ಅಲ್ಲಿಂದ ಚದುರಿಹೋಗಿವೆ. ಹೆಚ್ಚಿನವರು ಪಟ್ಟಿ ಅಲ್ಲಿಗೆ ಮುಗಿಯಿತು ಅಂತ ಹೇಳಿಬಿಡುತ್ತಾರೆ. ಸಿಲ್ವಿಯಾ ಅದಕ್ಕೂ ಆಚೆ, 3.48ರಲ್ಲಿದೆ. ಅಲ್ಲಿರುವ ಗುಂಪಿಗೆ ಸಿಬೆಲೆ ಗುಂಪು ಅಂತ ಹೆಸರು.

ಇಂಥ ಕಪ್ಪು, ತುಸು ಕೆಂಪು ಛಾಯೆಯ ಕ್ಷುದ್ರಗ್ರಹಗಳನ್ನು ಪಿ ವರ್ಗ ಅನ್ನುತ್ತಾರೆ. ಇವು ಧೂಮಕೇತುಗಳನ್ನೂ ಗುರುವಿನ ಕಕ್ಷೆಯಲ್ಲೇ ಅದರ ಜೊತೆ ಓಡುವ ಟ್ರೋಜನ್ ಅನ್ನುವ ಕ್ಷುದ್ರಗ್ರಹಗಳನ್ನೂ ಹೋಲುತ್ತವೆ. ಇವು ಹುಟ್ಟಿದ್ದು ಇನ್ನೂ ಆಚೆ, ದೊಡ್ಡ ಗ್ರಹಗಳ ಆಚೆಯ ಚಳಿಯಲ್ಲಿ, ಗ್ರಹಗಳು ಜಾಗ ಬದಲಿಸಿದಾಗ ಇಲ್ಲಿಗೆ ಬಂದು ಸೇರಿದವು ಅನ್ನುವ ವಾದ ಬಲವಾಗಿದೆ. 2021ರಲ್ಲಿ ಹೊರಟ ಲೂಸಿ ನೌಕೆ 2033ರಲ್ಲಿ ಪೆಟ್ರೋಕ್ಲಸ್ ಅನ್ನುವ ಜೋಡಿ ಟ್ರೋಜನ್ ಹತ್ತಿರ ಹೋಗಬೇಕು. ಅದೂ ಪಿ ವರ್ಗ. ಸಿಲ್ವಿಯಾದ ನೆಂಟರೊಬ್ಬರನ್ನು ಹತ್ತಿರದಿಂದ ನೋಡಿದ ಹಾಗಾಗುತ್ತದೆ.

ಚೆನ್ನೈ ಕನ್ನಡಿಗ

ಸಿಬೆಲೆ ಗುಂಪು ಅಂದ ಮೇಲೆ ಕ್ಯಾಮಿಲಾ ಹೆಸರು ಹೇಳದೆ ಹೇಗಿರಲಿ? ಕ್ರಮಸಂಖ್ಯೆ 107. ಅದೂ ಅದೇ ಹೊರ ಅಂಚಿನಲ್ಲಿ, ಅದೂ ಸುಮಾರು 250 ಕಿ.ಮೀ. ಅದನ್ನೂ ಪಾಗ್ಸನ್ ಮದ್ರಾಸಿನಲ್ಲೇ ಕಂಡರು, 1868ರ ನವೆಂಬರ್ 17ರಂದು. ಅದಕ್ಕೆ ಒಂದು ಚಂದ್ರ ಇದೆ ಅಂತ 2001ರಲ್ಲಿ ಹಬಲ್ ಬಾಹ್ಯಾಕಾಶ ಟೆಲಿಸ್ಕೋಪ್ ತೋರಿಸಿತು. 2016ರಲ್ಲಿ ಎರಡನೆಯದೂ ಸಿಕ್ಕಿತು. ಮದ್ರಾಸಿನ ಒಂದೇ ಅಂಗಳದಿಂದ ಎರಡೂವರೆ ವರ್ಷದ ಅಂತರದಲ್ಲಿ ಕಂಡ ಎರಡು ದೊಡ್ಡ ಚುಕ್ಕಿಗಳು, ಎರಡಕ್ಕೂ ಇಬ್ಬಿಬ್ಬರು ಚಂದ್ರರು. ಪಾಗ್ಸನ್‌ಗೆ ಇದರ ಸುಳಿವೂ ಇರಲು ಸಾಧ್ಯವಿರಲಿಲ್ಲ.

ಬೆಂಗಳೂರಿನವರಿಗೆ ಹೇಳಬೇಕಾದದ್ದು: ಮದ್ರಾಸ್ ವೀಕ್ಷಣಾಲಯದ ಕೆಲಸ 1899ರಲ್ಲಿ ಕೊಡೈಕೆನಾಲಿಗೆ ಹೋಯಿತು. ಅದರ ವಾರಸುದಾರ ಸಂಸ್ಥೆಯೇ ಇವತ್ತು ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆ. ಹಳೆಯ ಮದ್ರಾಸ್ ಕಾಗದಪತ್ರಗಳು ಅಲ್ಲಿನ ಸಂಗ್ರಹದಲ್ಲಿವೆ. 1885ರಲ್ಲಿ ಪಾಗ್ಸನ್ ಕಂಡ ವೆರಾ ಆದ ಮೇಲೆ ಭಾರತದಿಂದ ನೂರು ವರ್ಷಕ್ಕೂ ಹೆಚ್ಚು ಕಾಲ ಹೊಸ ಕ್ಷುದ್ರಗ್ರಹವೇ ಸಿಕ್ಕಿರಲಿಲ್ಲ. 1988ರ ಫೆಬ್ರವರಿಯಲ್ಲಿ ಅದೇ ಸಂಸ್ಥೆಯ ಆರ್. ರಾಜಮೋಹನ್ ತಮಿಳುನಾಡಿನ ಕಾವಲೂರಿನಿಂದ ಒಂದನ್ನು ಹಿಡಿದರು. ಅದಕ್ಕೆ ರಾಮಾನುಜನ್ ಅಂತ ಹೆಸರಿಟ್ಟರು, ಕ್ರಮಸಂಖ್ಯೆ 4130.

ಇತಿಹಾಸಪ್ರಿಯ

ಇದು ಗೊತ್ತಿರಲಿಲ್ಲ. ಕೋರಮಂಗಲದ ಆ ಗೇಟಿನ ಮುಂದೆ ಎಷ್ಟೋ ಸಲ ಓಡಾಡಿದ್ದೇನೆ.

ಡಿಗ್ರಿ ಸ್ಟೂಡೆಂಟ್

ಕೊನೆಯ ಪ್ರಶ್ನೆ. ನಮಗೆ ಸಿಲ್ವಿಯಾ ಕಾಣಿಸುತ್ತದಾ? ಕಾಲೇಜಿನಲ್ಲಿ ಒಂದು ಎಂಟು ಇಂಚಿನ ಟೆಲಿಸ್ಕೋಪ್ ಇದೆ, ಕವರ್ ಹಾಕಿ ಇಟ್ಟಿದ್ದಾರೆ.

ಎಂಟಿಂಚು

ಮೊದಲು ಕವರ್ ತೆಗೆಸಿ ತಮ್ಮಾ. ಕಾಣಿಸುತ್ತದೆ. ಅದರ ಕಾಂತಿಮಾನ, ಅಂದರೆ ಹೊಳಪಿನ ಅಳತೆ, ಹತ್ತಿರ ಬಂದಾಗ 12ರ ಆಸುಪಾಸು. ಈ ಅಂಕಿ ಹೆಚ್ಚಿದಷ್ಟೂ ಚುಕ್ಕಿ ಮಂದ. ಬರಿಗಣ್ಣಿಗೆ ಕಾಣುವ ಕೊನೆಯ ಮೆಟ್ಟಿಲು 6. ಐದು ಮೆಟ್ಟಿಲಿಗೆ ನೂರು ಪಟ್ಟು, ಅಂದರೆ ಒಂದು ಮೆಟ್ಟಿಲಿಗೆ 2.512 ಪಟ್ಟು. ಆರು ಮೆಟ್ಟಿಲು ಅಂದರೆ 250 ಪಟ್ಟು ಮಂದ. ಈ 2.512 ಲೆಕ್ಕವನ್ನು 1856ರಲ್ಲಿ ಸೂಚಿಸಿದವರು ಯಾರು ಗೊತ್ತಾ? ಅದೇ ಪಾಗ್ಸನ್. ಇವತ್ತಿಗೂ ಜಗತ್ತೆಲ್ಲ ಬಳಸುವುದು ಅದನ್ನೇ.

ಊರ ಬೆಳಕಿನಿಂದ ದೂರ ಹೋಗಿ. ಅಮಾವಾಸ್ಯೆ ಹತ್ತಿರದ ರಾತ್ರಿಗಳಾದರೆ ಒಳ್ಳೆಯದು. ಸಿಲ್ವಿಯಾ ಸುಮಾರು 14 ತಿಂಗಳಿಗೊಮ್ಮೆ ಸೂರ್ಯನ ನೇರ ಎದುರಿಗೆ ಬರುತ್ತದೆ, ಆಗ ರಾತ್ರಿಯಿಡೀ ಆಕಾಶದಲ್ಲಿರುತ್ತದೆ. ಆಕಾಶದ ನಕ್ಷೆ ತೋರಿಸುವ ಸ್ಟೆಲೇರಿಯಂ ಸಾಫ್ಟ್‌ವೇರಿನಲ್ಲಿ 87 ಅಥವಾ ಸಿಲ್ವಿಯಾ ಅಂತ ಹುಡುಕಿ. ಸಿಗದಿದ್ದರೆ ಅದರ ಸೌರಮಂಡಲ ಎಡಿಟರ್ ಪ್ಲಗಿನ್‌ನಿಂದ ಕಕ್ಷೆಯ ಮಾಹಿತಿ ಇಳಿಸಿಕೊಳ್ಳಬಹುದು.

ನೋಡಿದ ತಕ್ಷಣ ಇದೇ ಅಂತ ತೀರ್ಮಾನಿಸಬೇಡಿ. ಆ ಜಾಗದ ಚುಕ್ಕಿಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಮಾರನೇ ರಾತ್ರಿ ಮತ್ತೆ ಬರೆಯಿರಿ. ಎದುರಿಗೆ ಬಂದ ದಿನಗಳಲ್ಲಿ ಅದು ದಿನಕ್ಕೆ ಹುಣ್ಣಿಮೆ ಚಂದ್ರನ ಅಗಲದ ಮೂರನೇ ಒಂದು ಭಾಗದಷ್ಟು ಸರಿಯುತ್ತದೆ. ಎರಡು ಹಾಳೆ ಪಕ್ಕಪಕ್ಕ ಇಟ್ಟರೆ ಸರಿದ ಚುಕ್ಕಿ ಎದ್ದು ಕಾಣುತ್ತದೆ. ಚಂದ್ರರು ಮಾತ್ರ ನಮ್ಮ ಟೆಲಿಸ್ಕೋಪಿಗೆ ಸಿಗುವುದಿಲ್ಲ. ಅವು ಸಿಲ್ವಿಯಾಗಿಂತ ನೂರಾರು ಪಟ್ಟು ಮಂದ, ಮತ್ತು ಅದರಿಂದ ಒಂದು ಸೆಕೆಂಡ್ ಕೋನದಷ್ಟೂ (ಡಿಗ್ರಿಯ 3,600ನೇ ಒಂದು ಭಾಗ) ದೂರ ಇರುವುದಿಲ್ಲ.

ಆದರೆ ಹವ್ಯಾಸಿಗಳಿಗೆ ಇನ್ನೊಂದು ದಾರಿ ಇದೆ. 2013ರ ಜನವರಿ 6ರಂದು ಸಿಲ್ವಿಯಾ ಒಂದು ನಕ್ಷತ್ರದ ಮುಂದೆ ಹಾದುಹೋಯಿತು. ಯೂರೋಪಿನಲ್ಲಿ ಐವತ್ತರಷ್ಟು ವೀಕ್ಷಕರು ಟೆಲಿಸ್ಕೋಪ್ ಇಟ್ಟು ಕಾದಿದ್ದರು. ನಾಲ್ವರಿಗೆ ರೋಮುಲಸ್ ಆ ನಕ್ಷತ್ರವನ್ನು ಮರೆಮಾಡಿದ್ದು ಸಿಕ್ಕಿತು. ನಕ್ಷತ್ರ ಎಷ್ಟು ಹೊತ್ತು ಆರಿತ್ತು ಅನ್ನುವುದರಿಂದಲೇ ರೋಮುಲಸ್ ಸುಮಾರು 24 ಕಿ.ಮೀ. ಇದೆ, ಉದ್ದಕ್ಕಿದೆ ಅಂತ ತಿಳಿಯಿತು.

ಹಳ್ಳಿ ಮೇಷ್ಟ್ರು

ಡಿಗ್ರಿ ಸ್ಟೂಡೆಂಟ್ ಅವರೇ, ಒಬ್ಬರೇ ಹೋಗಬೇಡಿ, ಜೂನಿಯರ್‌ಗಳನ್ನೂ ಕರೆದುಕೊಂಡು ಹೋಗಿ. ಒಬ್ಬೊಬ್ಬರೂ ಬೇರೆ ಬೇರೆಯಾಗಿ ನಕ್ಷೆ ಬರೆಯಲಿ, ಆಮೇಲೆ ತಾಳೆ ನೋಡಿ. ಹಾಳೆಯ ಮೂಲೆಯಲ್ಲಿ ತಾರೀಖು, ಗಂಟೆ, ಯಾವ ಐಪೀಸ್ ಅನ್ನುವುದನ್ನು ಬರೆಯುವುದು ಕಡ್ಡಾಯ. ಎರಡೂ ಹಾಳೆಯ ಫೋಟೊ ಇಲ್ಲಿ ಹಾಕಿ, ನಾವೆಲ್ಲ ಕೂತು ನೋಡುತ್ತೇವೆ.

ಡಿಗ್ರಿ ಸ್ಟೂಡೆಂಟ್

ಖಂಡಿತ ಮೇಷ್ಟ್ರೇ. ನಾಳೆಯೇ ಎಚ್‌ಒಡಿ ಹತ್ತಿರ ಬೀಗದ ಕೈ ಕೇಳುತ್ತೇನೆ.